ಕಾಜಾ ಅಕ್ಕನೂ ಏಳನೇ ತಲೆಯೂ

ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ನಾನು ಅವರನ್ನು ತೂಗಿ, ಅಳೆದು, ಬೆಲೆ ಕಟ್ಟಿ ಮುಗಿಸಿರುತ್ತೇನೆ. ಚಟವಲ್ಲ, ಹೊಟ್ಟೆಪಾಡು. ಆ ಹೆಂಗಸು ಮೊದಲ ಸಲ ಬಂದಾಗ ನಾನು ಹಾಕಿದ ಅಂದಾಜು ಹೀಗಿತ್ತು. ಚಪ್ಪಲಿ ಹಳೆಯದು, ಹೊಲಿಗೆ ಹೊಸದು. ಅಂದರೆ ಏನನ್ನೂ ಎಸೆಯುವ ಪೈಕಿಯಲ್ಲ. ಕೈಚೀಲದ ಹಿಡಿ ಕಿತ್ತುಹೋಗಿ ಮನೆಯಲ್ಲೇ ದುರಸ್ತಿಯಾಗಿದೆ, ಅಂಗಡಿಯ ಕೆಲಸಕ್ಕಿಂತ ಚೆನ್ನಾಗಿ. ಹೆಗಲ ಮೇಲೆ ಬಟ್ಟೆಗೆ ಚುಚ್ಚಿಕೊಂಡ ಸೂಜಿ, ಸೂಜಿಯ ಬಾಲಕ್ಕೆ ಗೇಣುದ್ದ ನೀಲಿ ದಾರ. ಚೌಕಾಸಿ ಮಾಡುವವರಲ್ಲ, ಆದರೆ ಒಮ್ಮೆ ಮೋಸ ಹೋದರೆ ಮತ್ತೆ ಈ ಕಡೆ ತಲೆ ಹಾಕುವವರೂ ಅಲ್ಲ. ಪುಸ್ತಕವನ್ನು ವಾಯಿದೆಗೆ ಮುಂಚೆಯೇ ತಂದುಕೊಡುತ್ತಾರೆ, ಹಾಗಾಗಿ ದಂಡದ ಆಸೆ ಬಿಡಬೇಕು. ಒಟ್ಟಿನಲ್ಲಿ ಲಾಭ ಕಡಿಮೆ, ತಲೆನೋವೂ ಕಡಿಮೆ.

ನನ್ನದು ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಜೊತೆಗೆ ಪೆನ್ನು, ಗೋಂದು, ಬ್ರೌನ್ ಪೇಪರ್. ಪುಸ್ತಕದ ವ್ಯಾಪಾರಿ ಎಂದ ಮಾತ್ರಕ್ಕೆ ಓದುವವನು ಎಂದು ಯಾರೂ ತಿಳಿಯಬಾರದು. ಸಿಮೆಂಟು ಮಾರುವವನು ಸಿಮೆಂಟು ತಿನ್ನುತ್ತಾನೆಯೇ? ಯಾವುದು ಓಡುತ್ತದೆ, ಯಾವುದು ಕೂತಿರುತ್ತದೆ, ಇಷ್ಟು ಗೊತ್ತಿದ್ದರೆ ಸಾಕಿತ್ತು ನನಗೆ.

"ನಗು ಬರೋ ಪುಸ್ತಕ ಇದೆಯಾ?" ಎಂದು ಕೇಳಿದರು ಅವರು. "ಆದಷ್ಟೂ ಮನುಷ್ಯರು ಕಡಿಮೆ ಇರಬೇಕು."

"ಮನುಷ್ಯರ ಮೇಲೆ ಏನಕ್ಕಾ ಕೋಪ?"

"ಕೋಪ ಏನಿಲ್ಲ. ದಿನಾ ನೋಡ್ತೀನಲ್ಲ, ಸಾಕು."

ನನ್ನ ಅಂಗಡಿಯ ಕೊನೆಯ ಗೂಡಿನಲ್ಲಿ ಅಂಥ ಸರಕು ಬೇಕಾದಷ್ಟು ಕೊಳೆಯುತ್ತಿತ್ತು. ರಾಕ್ಷಸರು, ಮಂತ್ರವಾದಿಗಳು, ಮಾತಾಡುವ ಬಾಗಿಲುಗಳು, ಎಲ್ಲರೂ ಒಂದಲ್ಲ ಒಂದು ಎಡವಟ್ಟಿನಲ್ಲಿ ಸಿಕ್ಕಿಕೊಂಡ ತಮಾಷೆಯ ಕಾದಂಬರಿಗಳು. ದೊಡ್ಡವರು ಮಕ್ಕಳದ್ದು ಎಂದು ಬಿಡುತ್ತಿದ್ದರು, ಮಕ್ಕಳು ದಪ್ಪ ಎಂದು ಬಿಡುತ್ತಿದ್ದರು. ರದ್ದಿಗೆ ಹಾಕಲು ಹೊರಟಿದ್ದ ಕಂತೆಯಿಂದ ಒಂದನ್ನು ಎಳೆದು, ಧೂಳು ಊದಿ, ಭಾರೀ ಬೇಡಿಕೆಯ ಪುಸ್ತಕ ಎಂಬ ಮುಖ ಮಾಡಿ ಕೊಟ್ಟೆ. ವಾರ ಕಳೆಯುವುದರೊಳಗೆ ಮತ್ತೆ ಬಂದರು. ಹಾಗೆ ಆ ಗೂಡಿಗೆ ಒಂದು ಗಿರಾಕಿ ಹುಟ್ಟಿತು.

ಅವರ ಕೆಲಸ ಕಾಜಾ ಹಾಕುವುದು. ನಮ್ಮ ಬೀದಿಯ ದರ್ಜಿಗಳು ಅಂಗಿ ಹೊಲಿದು ಇವರಿಗೆ ಕಳಿಸುತ್ತಿದ್ದರು. ಇವರು ಗುಂಡಿ ತೂರುವ ಸೀಳು ಕೊಯ್ದು, ಅದರ ಅಂಚನ್ನು ಕೈಯಿಂದ ಕಟ್ಟಿ, ಎದುರು ಬದಿಗೆ ಗುಂಡಿ ಹೊಲಿದು ಕಳಿಸುತ್ತಿದ್ದರು. ಬೀದಿಗೆಲ್ಲ ಅವರು ಕಾಜಾ ಅಕ್ಕ. ದರ್ಜಿ ಅಂಗಡಿಯ ಮಹಡಿ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಅವರ ಒಂದೇ ಕೋಣೆ. ಕಿಟಕಿಯ ಕೆಳಗೆ ಬೆಂಚು, ಬೆಂಚಿನ ಮೇಲೆ ಗುಂಡಿಗಳ ಡಬ್ಬಿಗಳು, ಗೋಡೆಯ ಬದಿಗೆ ಎರಡು ಮಂಚ. ಎರಡನೆಯದು ತಂಗಿಯದು, ಆಕೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದಳು. ಅಕ್ಕ ತಂಗಿ ಇಬ್ಬರೇ. ಮದುವೆಯ ಮಾತು ಯಾರಾದರೂ ಎತ್ತಿದರೆ ಅಕ್ಕ "ನನ್ನ ಅಳತೆಗೆ ಸಿಗಲಿಲ್ಲ" ಎಂದು ಮುಗಿಸುತ್ತಿದ್ದರು.

ಬಾಡಿಗೆ ಪುಸ್ತಕ ಓದುವವರಲ್ಲಿ ಒಂದು ರೂಢಿ ಇದೆ. ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಪ್ರತಿಯೊಬ್ಬರೂ ಪುಸ್ತಕದೊಳಗೆ ತಮ್ಮದೊಂದು ಗುರುತು ಹಾಕುತ್ತಾರೆ. ಒಬ್ಬರು ಕೊನೆಯ ಪುಟದಲ್ಲಿ ಮೀನು ಬರೆಯುತ್ತಾರೆ, ಇನ್ನೊಬ್ಬರು ಪುಟದ ಅಂಕಿಗೆ ಸುತ್ತು ಹಾಕುತ್ತಾರೆ. ನಾನು ನೋಡಿಯೂ ನೋಡದಂತೆ ಇರುತ್ತೇನೆ. ಕಾಜಾ ಅಕ್ಕನಿಗೆ ಪುಸ್ತಕಕ್ಕೆ ಮಸಿ ತಾಗಿಸುವುದು ಸರಿಬರುತ್ತಿರಲಿಲ್ಲ. ಅವರು ಕೊನೆಯ ಹಾಳೆಯ ಕೆಳಮೂಲೆಯಲ್ಲಿ ಒಂದು ಸಣ್ಣ ಹೊಲಿಗೆ ಹಾಕಿ, ನೀಲಿ ದಾರದ ಗಂಟು ಬಿಗಿಯುತ್ತಿದ್ದರು.

"ಹಾಗೇ ಒಂದು ಗುಂಡೀನೂ ಹಾಕಿಬಿಡಿ," ಎಂದೆ ನಾನು.

"ಹಾಕ್ತೀನಿ. ಮೊದಲು ನಿಮ್ಮ ಬಾಯಿಗೆ ಹಾಕಬೇಕು ಅಂತಿದೀನಿ, ಸಾಹುಕಾರ್ರೇ."

ಪುಸ್ತಕ ವಾಪಸು ಕೊಡುವಾಗ ಕತೆ ಹೇಳದೆ ಹೋದವರಲ್ಲ. ಬೇರೆ ಗಿರಾಕಿಗಳು ಹಿಂದೆ ನಿಂತಿದ್ದರೂ ಸರಿಯೇ. ಅವರಿಗೆ ಅತಿ ಇಷ್ಟವಾದದ್ದು ಏಳು ತಲೆಯ ರಾಕ್ಷಸ ಟೋಪಿ ಕೊಳ್ಳಲು ಹೋಗುವ ಪ್ರಸಂಗ. ಆರು ತಲೆಗಳು ಕನ್ನಡಿಯ ಮುಂದೆ ಜಗಳವಾಡಿ ಆರು ಟೋಪಿ ಆರಿಸಿಕೊಳ್ಳುತ್ತವೆ. ಏಳನೆಯದು, ಎಲ್ಲಕ್ಕಿಂತ ಚಿಕ್ಕದು, ತನಗೆ ಬೇಡ ಎನ್ನುತ್ತದೆ. ನಾಳೆ ಬೆಳಿಗ್ಗೆ ರಾಜಕುಮಾರ ಬಂದು ಮೊದಲು ಕಡಿಯುವುದು ತನ್ನನ್ನೇ, ಯಾಕೆ ದಂಡ? ಅಂಗಡಿಯವನು ಒಂದು ಕ್ಷಣ ಯೋಚಿಸಿ, "ಹಾಗಾದರೆ ಒಂದು ದಿನದ ಬಾಡಿಗೆಗೆ ಕೊಡುತ್ತೇನೆ" ಎನ್ನುತ್ತಾನೆ.

"ಥೇಟ್ ನೀವೇ!" ಎಂದು ಕಾಜಾ ಅಕ್ಕ ನನ್ನ ಮೇಜು ಕುಟ್ಟಿದರು. ಕಣ್ಣಲ್ಲಿ ನೀರು ಬರುವಷ್ಟು ನಗು. "ನೀವೂ ಜನಕ್ಕೆ ಟೋಪಿ ಹಾಕ್ತೀರಿ, ಆದ್ರೆ ಒಬ್ಬರಿಗೆ ಒಂದೇ."

"ಆ ತಲೆ ಏನಾಯ್ತು?"

"ಉಳ್ಕೊಳ್ತು! ರಾಜಕುಮಾರ ದಾರೀಲಿ ನಿದ್ದೆ ಹೋದ. ದಿನಾ ದಿನಾ ಟೋಪಿ ಬಾಡಿಗೆ ಏರ್ತಾ ಹೋಯ್ತು. ಕೊನೆಗೆ ರಾಕ್ಷಸನೇ ಹೋಗಿ ಅವನ್ನ ಎಬ್ಬಿಸ್ತಾನೆ, ಬೇಗ ಬಂದು ಕಡಿಯಪ್ಪಾ ಅಂತ."

ನನಗೆ ನಗು ಬರಲಿಲ್ಲ. ಬಾಡಿಗೆ ಏರಿದ್ದು ನ್ಯಾಯವೇ ಅನ್ನಿಸಿತು. ಇದನ್ನೆಲ್ಲ ಯಾಕೆ ಓದುತ್ತೀರಿ, ದೊಡ್ಡ ದೊಡ್ಡ ಕಾದಂಬರಿಗಳಿವೆಯಲ್ಲ ಎಂದು ಕೇಳಿದೆ. ಅವುಗಳ ಬಾಡಿಗೆಯೂ ಒಂದು ಕೈ ಹೆಚ್ಚು.

"ಅವುಗಳಲ್ಲಿ ಮನೆಗೆ ಬೆಂಕಿ ಬಿದ್ರೆ ಸುಟ್ಟೇ ಹೋಗುತ್ತೆ," ಎಂದರು. "ಇವುಗಳಲ್ಲಿ ಬೆಂಕಿಗೂ ವಿಳಾಸ ತಪ್ಪುತ್ತೆ. ಕೇಡು ಬರುತ್ತೆ ಸಾಹುಕಾರ್ರೇ, ಬರಲ್ಲ ಅಂತಲ್ಲ. ಬಾಗಿಲಲ್ಲಿ ಎಡವಿ ಬೀಳುತ್ತೆ. ನಮ್ಮನೇಗೆ ಬರೋದು ಒಂದಾದ್ರೂ ಎಡವಿದ್ದು ನಾನು ನೋಡಿಲ್ಲ."

ಹೀಗೇ ವರ್ಷಗಳು ಕಳೆದವು. ಗೂಡಿನ ಪುಸ್ತಕಗಳ ಮೂಲೆಯಲ್ಲೆಲ್ಲ ನೀಲಿ ಗಂಟುಗಳು ತುಂಬಿಕೊಂಡವು. ಅವರಿಗೋಸ್ಕರವೇ ನಾನು ಬೇರೆ ಊರುಗಳ ಹಳೆ ಪುಸ್ತಕದ ವ್ಯಾಪಾರಿಗಳಿಂದ ಅಂಥ ಸರಕು ತರಿಸತೊಡಗಿದೆ. ಧರ್ಮಕ್ಕಲ್ಲ, ಖಾತ್ರಿ ಗಿರಾಕಿ.

ಒಂದು ದಿನ ಒಯ್ದ ಪುಸ್ತಕವನ್ನು ಅರ್ಧ ಗಂಟೆಯಲ್ಲೇ ಹಿಂದಕ್ಕೆ ತಂದರು. ಮುಖ ಬಿಗಿದಿತ್ತು.

"ಇದರಲ್ಲಿ ನನ್ನ ದಾರ ಯಾರು ಹಾಕಿದ್ದು?"

"ನೀವೇ ಅಲ್ವೇನಕ್ಕಾ?"

"ನಾನಿದನ್ನ ಓದೇ ಇಲ್ಲ. ಒಂದು ಸಾಲೂ ಗೊತ್ತಿಲ್ಲ. ನನ್ನ ಗಂಟು ನೋಡಿಕೊಂಡು ಯಾರೋ ಹಾಗೇ ಹಾಕಿದ್ದಾರೆ."

ತಮಾಷೆ ಎಂದುಕೊಂಡೆ. ನಕಲಿ ನೋಟು ಕೇಳಿದ್ದೇನೆ, ನಕಲಿ ಗಂಟು ಇದೇ ಮೊದಲು ಎಂದು ರೇಗಿಸಿದೆ. ಅವರು ನಗಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಅದೇ ತಿಂಗಳು ಕೆಳಗಿನ ದರ್ಜಿ ಒಂದು ಅಂಗಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. "ಇಲ್ಲಿ ನೋಡಣ್ಣ," ಎಂದು ಅಂಗಿಯ ಎದೆಯನ್ನು ಅಗಲಿಸಿದ. ಎಡಗಡೆ ಕಾಜಾ. ಬಲಗಡೆಯೂ ಕಾಜಾ. ಎರಡೂ ಸಾಲು ಅಚ್ಚುಕಟ್ಟು, ಒಂದೊಂದರ ಅಂಚೂ ಮುತ್ತಿನಂತೆ. ಗುಂಡಿ ಹೊಲಿಯಲು ಜಾಗವೇ ಉಳಿದಿರಲಿಲ್ಲ. "ಇದನ್ನ ತೊಟ್ಟವನು ಎದೆ ಬಿಟ್ಕೊಂಡೇ ಓಡಾಡಬೇಕು. ಇದು ಮೂರನೇದು. ಅಕ್ಕನಿಗೆ ಹೇಗೆ ಹೇಳೋದು?" ನಾವಿಬ್ಬರೂ ನಗಬೇಕಿತ್ತು. ಅವನು ಅಂಗಿಯನ್ನು ಮಡಿಸಿಕೊಂಡು ಹೊರಟ.

ತಂಗಿ ಅಕ್ಕನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಅಲ್ಲಿಂದ ಬಂದ ಮಾರನೆಯ ದಿನ ಡ್ಯೂಟಿಯ ಸಮವಸ್ತ್ರದಲ್ಲೇ ನನ್ನ ಅಂಗಡಿಯ ಮುಂದೆ ನಿಂತಳು.

"ಮರೆವಿನ ಕಾಯಿಲೆ ಅಣ್ಣಾ. ಇನ್ನು ಇಳಿಜಾರೇ ಅಂತೆ, ಬ್ರೇಕ್ ಇಲ್ವಂತೆ. ಮಾತ್ರೆ ಕೊಟ್ಟಿದ್ದಾರೆ, ಏನೋ ಕೊಡಬೇಕಲ್ಲ ಅಂತ. ಒಂದು ಉಪಕಾರ ಮಾಡಿ. ಪುಸ್ತಕದಲ್ಲಿರೋ ಆ ದಾರಗಳನ್ನ ಕಿತ್ತುಬಿಡಿ."

"ಯಾಕಮ್ಮಾ?"

"ಪುಸ್ತಕ ತಗೊಂಡ ತಕ್ಷಣ ಕೊನೇ ಹಾಳೆ ಮುಟ್ಟಿ ನೋಡ್ತಾಳೆ. ದಾರ ಸಿಕ್ಕಿತೋ, ಆ ದಿನ ಮುಗೀತು. ಓದಿದೀನಿ, ನೆನಪಿಲ್ಲ, ಓದಿದೀನಿ, ನೆನಪಿಲ್ಲ, ಇದೇ ಜಪ. ಊಟ ಬಿಡ್ತಾಳೆ. ಅವಳಿಗೆ ಇರೋದು ಆ ನಗು ಒಂದೇ ಅಣ್ಣಾ. ಅದಾದ್ರೂ ಸ್ವಲ್ಪ ದಿನ ಇರಲಿ."

ಅಂಗಡಿ ಬಾಗಿಲು ಎಳೆದುಕೊಂಡು ಕೂತೆ. ಕಾಜಾ ಅಕ್ಕನ ಗಂಟು ಬಿಚ್ಚುವಂಥದ್ದಲ್ಲ. ಆ ಕೈ ಕಟ್ಟಿದ್ದು ಅಂಗಿ ಹರಿದರೂ ಬಿಡುವುದಿಲ್ಲ ಎಂದು ಹೆಸರುವಾಸಿ. ಉಗುರು ಕತ್ತರಿಯ ತುದಿಯಿಂದ ಒಂದೊಂದನ್ನೇ ಕತ್ತರಿಸಿ ಎಳೆದೆ. ಪ್ರತಿ ಪುಸ್ತಕದ ಕೊನೆಯ ಹಾಳೆಯ ಮೂಲೆಯಲ್ಲಿ ಸೂಜಿಯ ಎರಡು ತೂತು ಮಾತ್ರ ಉಳಿದವು.

ಆಮೇಲೆ ಸುಮಾರು ಒಂದು ವರ್ಷ ಚೆನ್ನಾಗಿ ನಡೆಯಿತು. ಓದಿದ ಪುಸ್ತಕವೇ ಹೊಸದಾಗಿ ಕಾಣುವ ಗಿರಾಕಿ. ಹೊಸ ಸರಕು ತರಿಸುವ ಖರ್ಚಿಲ್ಲ. ಯಾವ ವ್ಯಾಪಾರಿ ಕನಸಿನಲ್ಲೂ ಕೇಳಿಕೊಳ್ಳದ ಅದೃಷ್ಟ. ಅವರು ಓದಿ ದಾರ ಹಾಕಿ ತರುತ್ತಿದ್ದರು, ನಾನು ಸಂಜೆ ಕಿತ್ತು ಗೂಡಿಗೆ ಸೇರಿಸುತ್ತಿದ್ದೆ. ಏಳು ತಲೆಯ ರಾಕ್ಷಸನನ್ನು ಎಷ್ಟು ಸಲ ಒಯ್ದರೋ. ಪ್ರತಿ ಸಲವೂ ಅದೇ ಮೇಜು ಕುಟ್ಟುವುದು, ಅದೇ "ಥೇಟ್ ನೀವೇ!" ನಾನೂ ಪ್ರತಿ ಸಲ "ಆ ತಲೆ ಏನಾಯ್ತು?" ಎಂದು ಕೇಳುತ್ತಿದ್ದೆ.

ಒಂದು ದಿನ ಆ ಪ್ರಶ್ನೆಗೆ ಅವರು "ಯಾವ ತಲೆ?" ಎಂದರು.

ದರ್ಜಿಗಳು ಕೆಲಸ ಕಳಿಸುವುದನ್ನು ಬಿಟ್ಟಿದ್ದರು. ಕೆಳಗಿನವನೊಬ್ಬ ಮಾತ್ರ ಚಿಂದಿ ಬಟ್ಟೆ ಕಳಿಸುತ್ತಿದ್ದ, ಕೈಗೆ ಕೆಲಸವಿರಲಿ ಎಂದು. ಅವರು ಅದರ ತುಂಬ ಕಾಜಾ ಹಾಕಿ ಇಡುತ್ತಿದ್ದರು. ಮೆಟ್ಟಿಲು ಇಳಿದು ದಾರಿ ತಪ್ಪಿಸಿಕೊಂಡ ಮೇಲೆ ತಂಗಿ ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋಗತೊಡಗಿದಳು. ಒಂದು ಬೀಗದ ಕೈ ನನಗೆ ಕೊಟ್ಟಳು. "ಮಧ್ಯಾಹ್ನ ಅಂಗಡಿ ಮುಚ್ಚಿದಾಗ ಒಂದು ಪುಟ ಓದಿ ಹೇಳ್ತೀರಾ ಅಣ್ಣಾ? ಕಣ್ಣಿಗೆ ಸಾಲು ನಿಲ್ತಿಲ್ಲ ಅವಳಿಗೆ."

ಸಿಕ್ಕಿಕೊಂಡೆ. ಏಳು ತಲೆಯ ರಾಕ್ಷಸನನ್ನೇ ಕಂಕುಳಲ್ಲಿಟ್ಟುಕೊಂಡು ಹೋಗಿ, ಬೆಂಚಿನ ಮೇಲೆ ಕೂತು ಓದಿದೆ. ಸ್ವಲ್ಪ ಹೊತ್ತು ಕೇಳಿ ಅವರು ಕೈ ಎತ್ತಿದರು.

"ರಾಕ್ಷಸ ಸಾಮಾನಿನ ಪಟ್ಟಿ ಓದ್ತಿದ್ದಾನಾ?"

"ನನ್ನ ದನಿಯೇ ಹಾಗಕ್ಕಾ."

"ತಲೆ ಏಳಿದ್ದಾವೆ, ದನಿ ಒಂದೇನಾ? ಚಿಕ್ಕದು ಹೆದರಿಕೊಂಡಿದೆ. ಹೆದರಿದವರು ಹೀಗೆ ಮಾತಾಡ್ತಾರಾ? ಹೆದರಿದವರು ಜೋರಾಗಿ ಮಾತಾಡ್ತಾರೆ."

ಅವರು ನನಗೆ ಹೇಳಿಕೊಟ್ಟ ಕೊನೆಯ ಮಾತು ಅದು. ದನಿ ಹಾಕಬೇಕಾದರೆ ಯಾರು ಯಾಕೆ ಹಾಗೆನ್ನುತ್ತಾರೆಂದು ತಿಳಿಯಬೇಕು. ತಿಳಿಯಬೇಕಾದರೆ ಮನೆಯಲ್ಲಿ ಮೊದಲೇ ಓದಿಕೊಂಡು ಬರಬೇಕು. ಊಟವಾದ ಮೇಲೆ ನಾನು ಪುಸ್ತಕ ಹಿಡಿದು ಕೂರುವುದನ್ನು ಕಂಡು ನನ್ನ ಹೆಂಡತಿ "ಮೈ ಸರಿ ಇದೆಯಾ?" ಎಂದು ಕೇಳಿದಳು. ಅಷ್ಟು ಕಾಲ ಪುಸ್ತಕ ಬಾಡಿಗೆಗೆ ಕೊಟ್ಟ ಮೇಲೆ ನಾನು ಮೊದಲ ಬಾರಿ ಒಂದನ್ನು ಪೂರ್ತಿ ಓದಿದೆ. ಅದರಲ್ಲಿ ಕಾಜಾ ಅಕ್ಕ ನನಗೆ ಯಾವತ್ತೂ ಹೇಳದ ಒಂದು ಸಂಗತಿ ಇತ್ತು. ಬಾಡಿಗೆ ಟೋಪಿ ಹಾಕಿಕೊಂಡ ಏಳನೇ ತಲೆ ಆ ರಾತ್ರಿ ನಿದ್ದೆ ಮಾಡುವುದಿಲ್ಲ. ಉಳಿದ ಆರು ಗೊರಕೆ ಹೊಡೆಯುತ್ತಿರುವಾಗ ಅದೊಂದೇ ಎದ್ದಿದ್ದು, ಟೋಪಿಯನ್ನು ಒಮ್ಮೆ ಈ ಕಡೆ ಓರೆ ಮಾಡಿ, ಒಮ್ಮೆ ಆ ಕಡೆ ಓರೆ ಮಾಡಿ ಕನ್ನಡಿ ನೋಡಿಕೊಳ್ಳುತ್ತದೆ. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಆದರೆ ನಾನು ಕಲಿಯುವ ವೇಗಕ್ಕಿಂತ ಅವರು ಕಳೆದುಕೊಳ್ಳುವ ವೇಗ ಹೆಚ್ಚಿತ್ತು. ತಮಾಷೆಗೆ ಒಂದು ತಲೆ ಒಂದು ಬಾಲ ಇರುತ್ತದೆ. ಬಾಲ ಬರುವವರೆಗೆ ತಲೆಯನ್ನು ಹಿಡಿದುಕೊಂಡಿರಬೇಕು. ಅವರ ಕೈಯಲ್ಲಿ ಅದು ನಿಲ್ಲುತ್ತಿರಲಿಲ್ಲ. ಮೊದಲು ಅಧ್ಯಾಯ ಓದುತ್ತಿದ್ದೆ, ಆಮೇಲೆ ಪುಟ, ಆಮೇಲೆ ಟೋಪಿ ಅಂಗಡಿಯ ನಾಲ್ಕು ಸಾಲು. "ಒಂದು ದಿನದ ಬಾಡಿಗೆಗೆ ಕೊಡುತ್ತೇನೆ" ಎನ್ನುವಾಗ ಅವರ ಮುಖ ನೋಡುತ್ತಿದ್ದೆ. ಮೊದಮೊದಲು ತುಟಿಯ ಮೂಲೆಯಲ್ಲಿ ಏನೋ ಆಡುತ್ತಿತ್ತು. ಆಮೇಲೆ ಅದೂ ಇಲ್ಲ.

ಕೊನೆಗೊಂದು ಮಧ್ಯಾಹ್ನ ಆ ನಾಲ್ಕು ಸಾಲು ಓದುತ್ತಿದ್ದಾಗ, ಯಾಕೋ ಏನೋ, ನನಗೇ ನಗು ಬಂತು. ತಡೆಯಲಾಗಲಿಲ್ಲ. ಬೆಂಚು ಅಲುಗುವಷ್ಟು ನಕ್ಕೆ. ಕಣ್ಣೊರೆಸಿಕೊಂಡು ನೋಡಿದರೆ ಕಾಜಾ ಅಕ್ಕ ನನ್ನನ್ನು ಮರ್ಯಾದೆಯಿಂದ ನೋಡುತ್ತಿದ್ದರು, ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ನೋಡುವ ಹಾಗೆ.

"ಹುಷಾರಿಲ್ವೇನಪ್ಪಾ?" ಎಂದರು.

"ಚೆನ್ನಾಗಿದೀನಕ್ಕಾ. ಟೋಪಿ ವಿಷಯ."

"ಹೂಂ," ಎಂದರು. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು. ಹಿಡಿದದ್ದು ತಲೆಕೆಳಗು. ಆದರೆ ಬೆರಳು ದಾರಿ ತಪ್ಪಲಿಲ್ಲ. ಕೊನೆಯ ಹಾಳೆಗೆ ಹೋಗಿ ಮೂಲೆ ಹುಡುಕಿ, ಸೂಜಿಯ ತೂತುಗಳ ಮೇಲೆ ನಿಂತಿತು. ತುಂಬ ಹೊತ್ತು ಸವರಿದರು.

"ಇಲ್ಲಿ ಏನೋ ಇತ್ತಲ್ಲ."

"ಇತ್ತು ಅಕ್ಕಾ. ದಾರ."

"ಈಗಿಲ್ಲ," ಎಂದರು. "ಹಾಗಾದ್ರೆ ನಾನಿದನ್ನ ಓದಿಲ್ಲ." ಮುಖದಲ್ಲಿ ಎಂಥದೋ ಸಮಾಧಾನ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಅದರ ಮೇಲೆ ಮಡಚಿದರು. ತೆರೆಯಲಿಲ್ಲ. ಮತ್ತೆ ಯಾವತ್ತೂ ತೆರೆಯಲಿಲ್ಲ.

ಅವರು ಇದ್ದಾರೆ. ಅದೇ ಕೋಣೆ, ಅದೇ ಕಿಟಕಿ. ಈಗ ಸೂಜಿಯನ್ನೂ ಕೊಡುವಂತಿಲ್ಲ, ಬಾಯಿಗೆ ಹಾಕಿಕೊಳ್ಳುತ್ತಾರೆ. ತಂಗಿಗೆ ರಾತ್ರಿ ಪಾಳಿ ಸಿಕ್ಕಿದೆ, ಹಗಲು ಅಕ್ಕನಿಗೆ ತುತ್ತು ಕೊಡುತ್ತಾಳೆ; ಒಂದು ಹೊತ್ತಿನ ನಿದ್ದೆಯೂ ಅವಳಿಗಿಲ್ಲ. ನಾನು ಮಧ್ಯಾಹ್ನ ಹೋಗುತ್ತೇನೆ, ಓದುತ್ತೇನೆ. ಗೋಡೆಗೆ ಓದಿದಂತೆ. ಏಳೂ ದನಿ ಈಗ ಚೆನ್ನಾಗಿ ಬರುತ್ತವೆ. ಕೇಳಬೇಕಾದವರು ಕಿಟಕಿಯ ಕಡೆ ನೋಡುತ್ತಿರುತ್ತಾರೆ. ಆ ಕೊನೆಯ ಗೂಡಿನ ಪುಸ್ತಕ ಒಯ್ಯುವವರು ಆಗೊಮ್ಮೆ ಈಗೊಮ್ಮೆ ಸಿಗುತ್ತಾರೆ. ಮೂಲೆಯ ತೂತು ತೋರಿಸಿ "ಹುಳ ಬಿದ್ದಿದೆ, ಬಾಡಿಗೆ ಕಡಿಮೆ ಮಾಡಿ" ಎನ್ನುತ್ತಾರೆ. ಹುಳವಲ್ಲ ಎಂದಷ್ಟೇ ಹೇಳುತ್ತೇನೆ. ಕಡಿಮೆ ಮಾಡುವುದಿಲ್ಲ.

ಆಯುಷ್ಯವೆಲ್ಲ ಪುಸ್ತಕ ಬಾಡಿಗೆಗೆ ಕೊಟ್ಟು ಒಂದನ್ನೂ ಓದದೆ ಉಳಿದಿದ್ದ ನನಗೆ ಓದುವುದನ್ನೂ, ಓದಿ ಒಬ್ಬನೇ ನಗುವುದನ್ನೂ ಕಲಿಸಿದವರು ಕಾಜಾ ಅಕ್ಕ. ಅದು ನನ್ನ ಮೇಲೆ ಅವರ ಋಣ.