ಮೈನಸ್ ತೂಕದ ಲಾರಿ

ಗೆಳೆಯರೇ, ಇವತ್ತು ಕೆ.ಆರ್. ನಗರದ ಅಕ್ಕಿ ಗಿರಣಿಯಲ್ಲಿ ನಾನು ಬರೆದ ತೂಕದ ಸಾಫ್ಟ್‌ವೇರಿಗೆ ಪರೀಕ್ಷೆ ಇತ್ತು. ಪರೀಕ್ಷೆಯನ್ನು ಕಂಪ್ಯೂಟರಿನಿಂದಲೇ ಮಾಡಿಸುವ ಆಟೊಮೇಷನ್ ಹೊಸದಾಗಿ ಕಲಿತ ಸಹೋದ್ಯೋಗಿ ಸವಿತಾ ತನ್ನ ಮೊದಲ ಸ್ಕ್ರಿಪ್ಟ್ ಓಡಿಸಿ ಕೈಕಟ್ಟಿ ಕುಳಿತಳು. ಮೌಸಿನ ಬಾಣ ತಾನಾಗಿಯೇ ಓಡಾಡಿ, ಅವಳು ಬೇಕೆಂದೇ ಕೊಟ್ಟಿದ್ದ ಮೈನಸ್ ತೂಕವನ್ನು ಲಾರಿಯೊಂದರ ಲೆಕ್ಕಕ್ಕೆ ತುಂಬಿತು. ನನ್ನ ಸಾಫ್ಟ್‌ವೇರ್ ಅದನ್ನೂ ಒಪ್ಪಿಕೊಂಡಿತು! ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ಫೇಲ್’ ಎಂದು ಬಂದಾಗ ಸವಿತಾ ಖುಷಿಯಿಂದ ನಕ್ಕಳು.

ಗಿರಣಿ ಮಾಲೀಕರು ರೇಗಿದರು. “ಏನವ್ವಾ, ಬೇಕೂಂತ ತಪ್ಪು ತುಂಬ್ಸಿ, ಫೇಲಾದ್ರೆ ನಗ್ತೀಯಲ್ಲ?”

“ಇವತ್ತೇ ಗೊತ್ತಾಯ್ತಲ್ಲ ಅಂತ ನಗು ಸಾರ್. ಸುಗ್ಗೀಲಿ ಲಾರಿ ಸಾಲಾಗಿ ನಿಂತಾಗ ಇಂಗಾಗಿದ್ರೆ ಇಬ್ರೂ ಅಳ್ಬೇಕಿತ್ತು.”

ಮಾಲೀಕರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತರು. “ಅಂಗಾರೆ ಇನ್ನೊಂದ್ಸಲ ಕೆಡಿಸವ್ವಾ, ನೋಡವ.”

ಪ್ರೋಗ್ರಾಮ್ ಬರೆದ ನನಗೆ ಇಲ್ಲಿ ಇಷ್ಟು ದಿನ ಬರೀ ಟೀ. ಕೆಡಿಸಿದವಳಿಗೆ ಮೊದಲ ದಿನವೇ ಮಸಾಲೆ ದೋಸೆ ಬಂತು. ನ್ಯಾಯವೇ ಬಿಡಿ!