ಟಿವಿ ಹಿಂದೆ ಕೂತಿದ್ದವನು

ಇದನ್ನು ಈವರೆಗೆ ಮೂರೇ ಮಂದಿಗೆ ಹೇಳಿದ್ದೇನೆ. ಮೊದಲನೆಯವನು, ‘ಅವತ್ತು ಎಷ್ಟು ಕುಡಿದಿದ್ದೆ?’ ಅಂದ. ನಾನು ಕಾಫಿ ಬಿಟ್ಟರೆ ಬೇರೇನೂ ಕುಡಿಯುವವನಲ್ಲ. ಎರಡನೆಯವನು, ‘ಆ ದರಿದ್ರ ಸಿನಿಮಾ ನೋಡಿ ನೋಡಿ ನಿನ್ನ ತಲೆ ಕೆಟ್ಟಿತ್ತು’ ಅಂದ. ಮೂರನೆಯವಳು ನನ್ನ ಹೆಂಡತಿ. ಪೂರ್ತಿ ಕೇಳಿಸಿಕೊಂಡು, ‘ನಿಮಗೆ ಆವತ್ತು ಹೆದರಿಕೆ ಆಯ್ತಾ, ಇಲ್ಲ ಹೊಟ್ಟೆ ಉರೀತಾ?’ ಅಂತ ಕೇಳಿದಳು. ಮೂವರಲ್ಲಿ ನನ್ನ ಮಾತು ನಂಬಿದವಳು ಅವಳೊಬ್ಬಳೇ. ನೀವೂ ನಂಬಿ, ಯಾಕೆಂದರೆ ಇದು ಹೀಗೇ ನಡೆದದ್ದು.

ಎಂಬತ್ತರ ದಶಕದ ನಡುವಿನ ಮಾತು. ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ರೇಡಿಯೋ, ಟಿವಿ ರಿಪೇರಿ ಅಂಗಡಿ ಇತ್ತು. ಗಂಗಾಧರ ಒಂದನೇ ಕ್ಲಾಸಿನಿಂದ ನನ್ನ ಜೊತೆ ಓದಿದವನು. ಅವರದು ಕೊಬ್ಬರಿ ವ್ಯಾಪಾರದ ಮನೆ. ಊರಿನಲ್ಲಿ ವಿಸಿಆರ್ ಕೊಂಡ ಮೊದಲಿಗರಲ್ಲಿ ಅವನೊಬ್ಬ. ಅದನ್ನು ಬಿಚ್ಚಿ ಜೋಡಿಸಲು ಬರುತ್ತಿದ್ದದ್ದು ನನಗೆ, ಕೊಳ್ಳಲು ಆದದ್ದು ಅವನಿಗೆ. ನನ್ನ ಹೊಟ್ಟೆಕಿಚ್ಚಿನ ಲೆಕ್ಕ ಅಲ್ಲಿಂದಲೇ ಶುರು.

ಅವರ ಕೊಬ್ಬರಿ ಹೊತ್ತು ಉತ್ತರಕ್ಕೆ ಹೋಗುತ್ತಿದ್ದ ಲಾರಿಯೊಂದರ ಡ್ರೈವರ್ ಒಮ್ಮೆ ಬೊಂಬಾಯಿಯಿಂದ ಒಂದು ಚೀಲ ಕ್ಯಾಸೆಟ್ ತಂದ. ಹಿಂದಿ ಸಿನಿಮಾ ಅಂತ ಯಾರೋ ಕತ್ತಲಲ್ಲಿ ಅವನಿಗೆ ತಗುಲಿಸಿದ್ದರು. ಡಬ್ಬಿಯ ಮೇಲೆ ನೋಡಿದರೆ ಪೂರ್ತಿ ಜಪಾನಿ ಅಕ್ಷರ. ಒಂದರ ಮೇಲೆ ಕತ್ತಿ ಹಿಡಿದ ಹೆಂಗಸು, ಇನ್ನೊಂದರ ಮೇಲೆ ಬೆನ್ನ ತುಂಬ ಹಚ್ಚೆ, ಮತ್ತೊಂದರ ಮೇಲೆ ಬರೀ ಒಂದು ಕಣ್ಣು. ಗಂಗಾಧರನ ಕಣ್ಣು ಅರಳಿದ್ದು ನನಗೆ ಇವತ್ತಿಗೂ ನೆನಪಿದೆ.

ಮನೆಯಲ್ಲಿ ಹೆಂಗಸರು ಮಕ್ಕಳ ಎದುರು ನೋಡುವ ಸಿನಿಮಾಗಳಲ್ಲ ಅವು. ರಕ್ತ ಚಿಮ್ಮೋದು, ಜೈಲಿನ ಹೆಂಗಸರನ್ನು ಕಂಬಕ್ಕೆ ಕಟ್ಟಿ ಹೊಡೆಯೋದು, ದೆವ್ವ ಹಿಡಿದವರು ಗೋಡೆ ಹತ್ತೋದು... ಹಾಗಾಗಿ ವಿಸಿಆರ್, ಟಿವಿ ಎರಡೂ ಹುಳಿಯಾರು ರಸ್ತೆಯಲ್ಲಿದ್ದ ಅವರ ತೋಟದ ಮನೆ ಸೇರಿದವು. ಹಗಲು ಕರೆಂಟಿಗೆ ಗ್ಯಾರಂಟಿ ಇರಲಿಲ್ಲ. ರಾತ್ರಿ ಹತ್ತರ ಮೇಲೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆ.

ಒಂದು ತೊಡಕಿತ್ತು. ಜಪಾನಿನ ಕ್ಯಾಸೆಟ್ಟು ನಮ್ಮ ಟಿವಿಗೆ ಒಗ್ಗುತ್ತಿರಲಿಲ್ಲ. ಬಣ್ಣ ಬರುತ್ತಿರಲಿಲ್ಲ, ಚಿತ್ರ ನಿಲ್ಲದೆ ಮೇಲಕ್ಕೆ ಉರುಳಿಕೊಂಡು ಹೋಗುತ್ತಿತ್ತು. ಟಿವಿಯ ಹಿಂದಿರುವ ಒಂದು ತಿರುಪನ್ನು ಹದವಾಗಿ ತಿರುಗಿಸಿದರೆ ನಿಲ್ಲುತ್ತೆ. ಆದರೆ ತೋಟದ ಲೈನಿನಲ್ಲಿ ವೋಲ್ಟೇಜ್ ಕ್ಷಣಕ್ಕೊಂದು ಥರ. ಹಾಗಾಗಿ ಸಿನಿಮಾ ಮುಗಿಯುವ ತನಕ ಯಾರಾದರೂ ಹಿಂದೆ ಕೂತು ಆ ತಿರುಪನ್ನು ಹಿಡಿದುಕೊಂಡೇ ಇರಬೇಕು. ಆ ಕೈ ನನ್ನದು. ಬೇರೆಯವರು ಹಿಡಿದು ನೋಡಿದರು, ಯಾರಿಗೂ ಬರಲಿಲ್ಲ.

ಮೊದಮೊದಲು ಚಿತ್ರ ಜಾರುತ್ತಿರುವುದು ಹಿಂದೆ ಕೂತ ನನಗೆ ತಿಳಿಯುತ್ತಿರಲಿಲ್ಲ. ಅದಕ್ಕೆ ಗಂಗಾಧರ ಅಟ್ಟದಿಂದ ಒಂದು ಕಾಯಿ ಇಳಿಸಿ ಮಡಿಲಲ್ಲಿ ಇಟ್ಟುಕೊಂಡ. ನಮ್ಮ ಕಡೆ ಕಾಯಿಯನ್ನು ಸಿಪ್ಪೆಸಮೇತ ವರ್ಷಪೂರ್ತಿ ಅಟ್ಟದ ಮೇಲೆ ಬಿಡುತ್ತೇವೆ. ನೀರು ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತೆ, ಆಗ ಹದ ಬಂತು ಅಂತ ಅರ್ಥ. ಚಿತ್ರ ಮೇಲೆ ಜಾರಿದರೆ ಗಂಗಾಧರ ಒಂದು ಲೊಟ ಅನ್ನಿಸುತ್ತಿದ್ದ, ಕೆಳಗೆ ಜಾರಿದರೆ ಎರಡು. ಮಾತಾಡಿದರೆ ಸಿನಿಮಾದ ಗಮ್ಮತ್ತು ಹಾಳಾಗುತ್ತೆ ಅಂತ ಅವನ ವಾದ.

ಅವನೊಬ್ಬನೇ ನೋಡುವುದನ್ನು ಎಷ್ಟು ದಿನ ಸಹಿಸಲಿ? ರಿಪೇರಿಯವರು ಮಾಡುವ ಹಾಗೆ ಅಂಗಡಿಯಿಂದ ಒಂದು ಕನ್ನಡಿ ತಂದು, ಎದುರಿನ ಕಂಬಕ್ಕೆ ನೇತುಹಾಕಿದೆ. ಟಿವಿಯ ಪಕ್ಕಕ್ಕೆ ಸ್ವಲ್ಪ ಬಾಗಿದರೆ ಕನ್ನಡಿಯಲ್ಲಿ ಚಿತ್ರ ಕಾಣುತ್ತಿತ್ತು. ಮೂರು ವರ್ಷ ನಾನು ಕಂಡ ಸಿನಿಮಾಗಳೆಲ್ಲ ಹೀಗೆ, ಎಡ ಬಲ ಅದಲುಬದಲಾಗಿ. ನನ್ನ ಪಾಲಿಗೆ ಜಪಾನಿನ ಕತ್ತಿವರಸೆಯವರೆಲ್ಲ ಎಡಚರು. ಚಿತ್ರದ ಜೊತೆ, ಟಿವಿಯ ಅಂಚಿನಿಂದ ಇಣುಕುವ ನನ್ನ ಮುಖವೂ ಕನ್ನಡಿಯ ಮೂಲೆಯಲ್ಲಿ ಕಾಣುತ್ತಿತ್ತು. ಅಭ್ಯಾಸವಾಗಿ ಅದನ್ನು ಗಮನಿಸುವುದನ್ನೇ ಬಿಟ್ಟಿದ್ದೆ.

ಡ್ರೈವರ್ ಪ್ರತಿ ಟ್ರಿಪ್ಪಿನಲ್ಲೂ ಇನ್ನಷ್ಟು ತಂದು ಕ್ಯಾಸೆಟ್ಟು ನಲವತ್ತು ದಾಟಿತು. ಹೆಸರು ಓದಲು ಬಾರದ್ದಕ್ಕೆ ನಾವೇ ಹೆಸರಿಟ್ಟೆವು. ‘ಒದ್ದೆ ಮದುಮಗಳು’, ‘ಹಚ್ಚೆಯವಳ ಜೈಲು’, ‘ದೋಣಿ ಮುದುಕ’. ಪ್ಲಾಸ್ಟರಿನ ಮೇಲೆ ನಾನೇ ಬರೆದು ಅಂಟಿಸುತ್ತಿದ್ದೆ. ರಿಪೇರಿಗೆ ಬಂದ ವಿಸಿಆರ್ ಒಂದರಲ್ಲಿ ಹಾಕಿ ನೋಡಲು ಒಂದನ್ನಾದರೂ ಮನೆಗೆ ಒಯ್ಯುತ್ತೇನೆ ಅಂದರೆ ಗಂಗಾಧರ, “ಇಲ್ಲೇ ಇರ್ಲಿ ಬುಡ್ಲಾ, ಬೂಷ್ಟು ಹಿಡಿದಾವು” ಅನ್ನುತ್ತಿದ್ದ. ಮನಸ್ಸಿಗೆ ಚುರುಕ್ ಅಂದರೂ ಸುಮ್ಮನಿದ್ದೆ. ಒಯ್ಯದಿದ್ದರೇನಂತೆ, ನಾನಿಲ್ಲದೆ ಅವನಿಗೂ ನೋಡಲು ಆಗುವುದಿಲ್ಲವಲ್ಲ.

ಆಮೇಲೆ ತುರುವೇಕೆರೆಯ ಮೇಷ್ಟ್ರೊಬ್ಬರು ಗಂಟುಬಿದ್ದರು. ಅವರಿಗೂ ಇದೇ ಹುಚ್ಚು, ಮನೆಯಲ್ಲಿ ವಿಸಿಆರೂ ಇತ್ತು. ಒಂದು ಸಂಜೆ ಹೋಗಿ ನೋಡಿದರೆ ಬೀರುವಿನಲ್ಲಿ ‘ಒದ್ದೆ ಮದುಮಗಳು’ ಇರಲಿಲ್ಲ.

“ಎಲ್ಲೋ ಅದು?”

“ಮೇಷ್ಟ್ರು ತಗಂಡೋದ್ರು ಕಣ್ಲಾ. ಬರೋ ವಾರ ಕೊಡ್ತಾರೆ.”

“ನಾನು ಕೇಳಿದ್ರೆ ಬೂಷ್ಟು ಹಿಡಿಯುತ್ತೆ. ಅವರ ಮನೇಲಿ ಹಿಡಿಯಲ್ವಾ?”

“ಲೇ, ಅವ್ರು ದೊಡ್ಡೋರು. ಬಾಯಿಬಿಟ್ಟು ಕೇಳಿದ್ರು, ಇಲ್ಲ ಅನ್ನಕಾಯ್ತದಾ?”

ನನಗೆ ಮೈಯೆಲ್ಲ ಉರಿಯಿತು. ಮೂರು ವರ್ಷ ಬೆರಳು ಮರಗಟ್ಟುವ ತನಕ ತಿರುಪು ಹಿಡಿದವನು ನಾನು! “ಇನ್ಮೇಲೆ ಮೇಷ್ಟ್ರ ಕೈಲೇ ಹಿಡಿಸ್ಕೊ” ಅಂತ ಹೇಳಿ ಸೈಕಲ್ ಹತ್ತಿದೆ. ಕನ್ನಡಿಯನ್ನು ಮಾತ್ರ ಬೇಕೆಂತಲೇ ಬಿಟ್ಟು ಬಂದೆ. ಮತ್ತೆ ಹೋಗಲು ಒಂದು ನೆಪ ಇರಲಿ ಅಂತ.

ಅವನು ಬಂದೇ ಬರುತ್ತಾನೆ ಅಂದುಕೊಂಡಿದ್ದೆ. ಒಂದು ವಾರವಾಯಿತು, ಎರಡಾಯಿತು. ಮೂರನೇ ವಾರ ಲಾರಿ ಡ್ರೈವರ್ ಅಂಗಡಿಗೆ ಬಂದವನು, “ಹೊಸಾ ಕ್ಯಾಸೆಟ್ಟು ಹೆಂಗಿದ್ವು ರೇವಣ್ಣ? ನಮ್ ಸಾವ್ಕಾರ್ರು ದಿನಾ ನೋಡ್ತಾವ್ರಂತೆ” ಅಂದ.

ದಿನಾ ನೋಡುತ್ತಾನಾ? ಹಾಗಾದರೆ ತಿರುಪು ಹಿಡಿಯುವವರು ಯಾರು?

ಅವತ್ತು ರಾತ್ರಿ ಊಟ ಸೇರಲಿಲ್ಲ. ಮೇಷ್ಟ್ರಿಗೆ ಆ ಕೈಚಳಕ ಇರಲು ಸಾಧ್ಯವಿಲ್ಲ. ಅರಸೀಕೆರೆಯಿಂದ ಯಾರಾದರೂ ರಿಪೇರಿಯವನನ್ನು ಕರೆಸಿಕೊಂಡನೋ? ಯೋಚಿಸಿದಷ್ಟೂ ಹೊಟ್ಟೆಯೊಳಗೆ ಬೆಂಕಿ ಇಟ್ಟ ಹಾಗಾಯಿತು. ಹನ್ನೊಂದು ಗಂಟೆಗೆ ಎದ್ದು ಸೈಕಲ್ ತೆಗೆದೆ.

ಅಮಾವಾಸ್ಯೆ ಕಳೆದು ಎರಡೋ ಮೂರೋ ದಿನ. ರಸ್ತೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಗಾಳಿ ನಿಂತುಹೋಗಿ ತೆಂಗಿನ ಗರಿ ಒಂದೂ ಅಲುಗುತ್ತಿರಲಿಲ್ಲ. ತೋಟದ ಗೇಟಿನ ಹತ್ತಿರ ಸೈಕಲ್ ಒರಗಿಸಿ ನಡೆದೆ. ಸಿಪ್ಪೆ ಸುಟ್ಟ ಹೊಗೆ, ಅದರ ಮೇಲೆ ಹಳೇ ಕೊಬ್ಬರಿಯ ಜಿಡ್ಡು ವಾಸನೆ. ದಿನವೂ ಬರುತ್ತಿದ್ದ ವಾಸನೆಯೇ.

ಲೊಟ...

ಕಾಲು ಅಲ್ಲೇ ನಿಂತವು. ನಮ್ಮಿಬ್ಬರ ನಡುವಿನ ಸನ್ನೆ ಅದು. ಅದನ್ನೂ ಬೇರೆಯವನಿಗೆ ಕಲಿಸಿಕೊಟ್ಟಿದ್ದಾನೆ!

ಕಿಟಕಿಯಿಂದ ಇಣುಕಿದೆ. ಕತ್ತಲ ಕೋಣೆಯಲ್ಲಿ ಟಿವಿಯ ಬೆಳಕು ಮಾತ್ರ. ಗಂಗಾಧರ ಚಾಪೆಯ ಮೇಲೆ ದಿಂಬಿಗೆ ಒರಗಿದ್ದಾನೆ, ಮಡಿಲಲ್ಲಿ ಕಾಯಿ. ಹೊಸ ಸಿನಿಮಾ, ನಾನು ಕಾಣದ್ದು. ಒಬ್ಬಳು ಹೆಂಗಸು ಉದ್ದನೆಯ ಓಣಿಯಲ್ಲಿ ನಡೆದು ಬರುತ್ತಿದ್ದಾಳೆ. ಚಿತ್ರ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತಿದೆ. ನನ್ನ ಕೈಯಲ್ಲೂ ಅಷ್ಟು ಅಚ್ಚುಕಟ್ಟಾಗಿ ಎಂದೂ ನಿಂತಿರಲಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಅಳು ಬಂತು.

ಟಿವಿಯ ಹಿಂದೆ ಗೋಣಿಚೀಲದ ಮೇಲೆ ಯಾರೋ ಕೂತಿದ್ದರು. ಮುಖ ಕಾಣಲಿಲ್ಲ. ಒಂದು ಮೊಣಕಾಲು, ತಿರುಪಿನ ಮೇಲಿದ್ದ ಒಂದು ಕೈ. ಎಡಗೈ.

ನಾನು ಹಿಡಿಯುತ್ತಿದ್ದದ್ದು ಬಲಗೈಯಲ್ಲಿ. ‘ನೋಡೇ ಬಿಡೋಣ, ಯಾವ ಎಡಚ ಇವನು’ ಅಂತ ಹಲ್ಲು ಕಚ್ಚಿ ಹಿತ್ತಲಿಗೆ ಹೋದೆ. ಹಿತ್ತಲ ಬಾಗಿಲು ತೆರೆದರೆ ನೇರ ಟಿವಿಯ ಹಿಂದಕ್ಕೇ ಬರುವುದು. ಅಗುಳಿ ಹಾಕಿರಲಿಲ್ಲ. ಮೆಲ್ಲಗೆ ತಳ್ಳಿದೆ.

ಗೋಣಿಚೀಲ ಖಾಲಿ ಇತ್ತು.

ನಾನಿದ್ದ ಬಾಗಿಲು ಬಿಟ್ಟರೆ ಆ ಮೂಲೆಯಿಂದ ಹೊರಗೆ ಹೋಗಲು ದಾರಿಯಿಲ್ಲ. ಬಗ್ಗಿ ಚೀಲ ಮುಟ್ಟಿದೆ. ಬೆಚ್ಚಗಿತ್ತು. ಈಗತಾನೆ ಎದ್ದು ಹೋದವರ ಜಾಗ ಇರುವಷ್ಟು ಬೆಚ್ಚಗೆ.

ಲೊಟ... ಲೊಟ... ಮುಂದಿನಿಂದ ಗಂಗಾಧರನ ಸನ್ನೆ. ಚಿತ್ರ ಕೆಳಗೆ ಜಾರಿದೆ ಅಂತ.

ನನ್ನ ಕಣ್ಣೆದುರೇ ತಿರುಪು ಒಂದು ಎಳೆಯಷ್ಟು ತಿರುಗಿತು. ಅದನ್ನು ಯಾರೂ ಮುಟ್ಟಿರಲಿಲ್ಲ.

ನೆಟ್ಟಗೆ ನಿಂತೆ. ಟಿವಿಯ ಮೇಲಿಂದ ಎದುರಿನ ಕಂಬ ಕಾಣುತ್ತಿತ್ತು, ಅದರ ಮೇಲೆ ನನ್ನ ಕನ್ನಡಿ. ಅದರೊಳಗೆ ಓಣಿಯ ಹೆಂಗಸು ಹತ್ತಿರ ಬರುತ್ತಿದ್ದಳು. ಮೂಲೆಯಲ್ಲಿ, ಟಿವಿಯ ಅಂಚಿನಿಂದ, ನನ್ನ ಮುಖ ಎಂದಿನ ಹಾಗೆ ಇಣುಕಿ ಸಿನಿಮಾ ನೋಡುತ್ತಿತ್ತು.

ನಾನಿನ್ನೂ ಟಿವಿಯ ಪಕ್ಕಕ್ಕೆ ಬಾಗಿಯೇ ಇರಲಿಲ್ಲ...

ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಆ ಮುಖ ನನ್ನ ಕಡೆ ತಿರುಗಲಿಲ್ಲ. ಅದಕ್ಕೆ ನಾನು ಬೇಕಿರಲಿಲ್ಲ. ಸಿನಿಮಾ ನೋಡುತ್ತಾ ಸಣ್ಣಗೆ ನಕ್ಕಿತು.

ಅಷ್ಟರಲ್ಲಿ ಕರೆಂಟು ಹೋಯಿತು. ನಾನು ಕಿರುಚಿದೆನಂತೆ.

ಗಂಗಾಧರ ಬೆಂಕಿಕಡ್ಡಿ ಗೀರಿ ಲಾಟೀನು ಹಚ್ಚಿದ. ಗೋಡೆಗೆ ಆತುಕೊಂಡು ನಿಂತಿದ್ದ ನನ್ನನ್ನು ನೋಡಿ ಅವನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

“ಯಾಕ್ಲಾ ಎದ್ದೆ? ಕರೆಂಟು ಬತ್ತದೆ, ಕೂತ್ಕೊ.”

“ನಾನು... ನಾನೀಗ ಬಂದೆ ಕಣೋ.”

“ತಮಾಸೆ ಬುಡು.”

“ಗಂಗಾಧರ, ನಮ್ಮಪ್ಪನಾಣೆಗೂ ನಾನು ಈಗತಾನೇ ಬಂದದ್ದು. ಇಲ್ಲಿ ಕೂತಿದ್ದೋನು ಯಾರು?”

ಅವನು ಲಾಟೀನು ಎತ್ತಿ ನನ್ನ ಮುಖ ನೋಡಿದ. ಮೆಲ್ಲಗೆ ಹೇಳತೊಡಗಿದ.

“ನೀನು ಮುನಿಸ್ಕಂಡು ಹೋದೆಯಲ್ಲ, ಅದರ ಮಾರನೇ ರಾತ್ರೀನೇ ಬಂದೆ. ಹಿತ್ತಲ ಬಾಗ್ಲಲ್ಲಿ. ಮಾತಾಡ್ಲಿಲ್ಲ. ಮುನಿಸು ಇಳೀಲಿ ಅಂತ ನಾನೂ ಮಾತಾಡುಸ್ಲಿಲ್ಲ. ಅವತ್ತಿಂದ ದಿನಾ ಬತ್ತಿದ್ದೆ ಕಣ್ಲಾ ನೀನು. ಎಡಗೈಲಿ ಹಿಡೀತಿದ್ದೆ. ಬಲಗೈ ನೋವೇನೋ ಅನ್ಕಂಡಿದ್ದೆ.”

“ಮುಖ ನೋಡಿದ್ಯಾ?”

“ಹಿಂದಕ್ಕೆ ತಿರುಗಿದ್ರೆ ಕನ್ನಡೀಲಿ ಕಾಣ್ತಿತ್ತಲ್ಲ. ನಿನ್ನದೇ.”

ಇಬ್ಬರೂ ಒಟ್ಟಿಗೆ ಕಂಬದ ಕಡೆ ನೋಡಿದೆವು. ಲಾಟೀನಿನ ಬೆಳಕಿನಲ್ಲಿ ಕನ್ನಡಿ ಸುಮ್ಮನೆ ಹೊಳೆಯಿತು. ಮೇಲೆ ಅಟ್ಟದಲ್ಲಿ ಇಲಿಯೋ ಏನೋ, ಒಂದು ಕಾಯಿ ಉರುಳಿ ಲೊಟಲೊಟ ಅಂದು ನಿಂತಿತು.

“ಆ ಕನ್ನಡಿ ಬಿಚ್ಚು, ನಾನು ತಗೊಂಡು ಹೋಗ್ತೀನಿ” ಅಂದೆ. “ನಾಳೆಯಿಂದ ನಾನೇ ಬರ್ತೀನಿ. ಮೇಷ್ಟ್ರಿಗೆ ಕೊಟ್ಟಿದ್ದೂ ಹೋಗ್ಲಿ. ಒಂದು ಕ್ಯಾಸೆಟ್ಟೂ ಕೇಳಲ್ಲ. ನನ್ನ ಜಾಗದಲ್ಲಿ ನಾನೇ ಕೂರ್ತೀನಿ.”

ಇಷ್ಟು ಸೋತು ನಾನು ಯಾರೆದುರಿಗೂ ಮಾತಾಡಿರಲಿಲ್ಲ.

ಗಂಗಾಧರನ ಕೈಯಲ್ಲಿದ್ದ ಲಾಟೀನಿನ ಬೆಳಕು ಗೋಡೆಯ ಮೇಲೆ ಅಲುಗಾಡಿದ್ದನ್ನು ನಾನು ಕಂಡೆ. ಅವನಿಗೂ ಹೆದರಿಕೆಯಾಗಿತ್ತು. ಆದರೆ ಬೀರುವಿನ ಕಡೆ ಒಮ್ಮೆ ನೋಡಿದ. ಹೊಸದಾಗಿ ಬಂದ, ಇನ್ನೂ ನೋಡದ ಕ್ಯಾಸೆಟ್ಟುಗಳು ಅಲ್ಲಿ ಸಾಲಾಗಿ ನಿಂತಿದ್ದವು.

“ಕನ್ನಡಿ ಇಲ್ಲೇ ಇರ್ಲಿ ಬುಡು ರೇವಣ್ಣ” ಅಂದ.

“ಯಾಕೆ?”

“ಅವನು ಏನೂ ಕೇಳಲ್ಲ. ಮುನಿಸ್ಕಳಲ್ಲ. ಮತ್ತೆ...” ನನ್ನ ಮುಖ ನೋಡದೆ ಮೆಲ್ಲಗೆ ಸೇರಿಸಿದ, “ನಿನಗಿಂತ ಚೆನ್ನಾಗಿ ಹಿಡೀತಾನೆ ಕಣ್ಲಾ.”

ಬೆಳಗಾಗುವ ತನಕ ಗೇಟಿನ ಹತ್ತಿರ ಕೂತಿದ್ದೆ. ಕರೆಂಟು ಬಂದದ್ದು ಗೊತ್ತಾಯಿತು, ಕಿಟಕಿಯಲ್ಲಿ ಆ ನೀಲಿ ಬೆಳಕು ಮತ್ತೆ ಕಂಡಿತು. ಒಂದು ಸಲ ಲೊಟ. ಸ್ವಲ್ಪ ಹೊತ್ತಿಗೆ ಎರಡು ಸಲ. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಚಿತ್ರ ನಿಂತಿತ್ತು ಅಂತ ಅರ್ಥ.

ಮತ್ತೆ ಆ ಕಡೆ ನಾನು ಹೋಗಲಿಲ್ಲ, ಗಂಗಾಧರ ಕರೆಯಲೂ ಇಲ್ಲ. ಮದುವೆ ಮುಂಜಿಯಲ್ಲಿ ಸಿಕ್ಕರೆ ‘ಹೆಂಗಿದ್ದೀಯ’ ಅಂದುಕೊಂಡು ದೂರ ಸರಿಯುತ್ತೇವೆ. ಅಂಗಡಿಯಲ್ಲಿ ಹೊಸ ಕನ್ನಡಿ ತಂದಿಟ್ಟೆ. ಅದರಲ್ಲಿ ನಾನು ಬಗ್ಗಿದರೆ ಮುಖ ಬಗ್ಗುತ್ತೆ, ನಿಂತರೆ ನಿಲ್ಲುತ್ತೆ. ದಿನಕ್ಕೊಂದು ಸಲ ಪರೀಕ್ಷೆ ಮಾಡಿಯೇ ಷಟರ್ ಎಳೆಯುವುದು.

ಹೆಂಡತಿಯ ಪ್ರಶ್ನೆಗೆ ಇವತ್ತಾದರೂ ಉತ್ತರ ಬರೆದುಬಿಡುತ್ತೇನೆ. ಹೆದರಿಕೆ ಆವತ್ತು ಒಂದು ರಾತ್ರಿಯದು. ಆದರೆ ಆ ಓಣಿಯ ಹೆಂಗಸು ಹತ್ತಿರ ಬಂದಮೇಲೆ ಏನಾಯಿತು ಅಂತ ನನಗೆ ಗೊತ್ತಿಲ್ಲ. ನನ್ನ ಮುಖ ಹೊತ್ತುಕೊಂಡು, ನನ್ನ ಜಾಗದಲ್ಲಿ ಕೂತವನು ಅದನ್ನು ಪೂರ್ತಿ ನೋಡಿದ್ದಾನೆ.