ಅಂಚು ಸವರಿದ ಪುಸ್ತಕ

ಬೀದಿಗೆಲ್ಲ ಅವಳು ಗೋಂದಕ್ಕ. ಎಷ್ಟು ತೊಳೆದರೂ ಬೆರಳುಗಳ ಮೇಲೆ ಒಣಗಿದ ಅಂಟಿನ ಪೊರೆ ಹಾಗೇ ಇರುತ್ತಿತ್ತು. "ಗೋಂದಕ್ಕನ ಕೈಗೆ ಸಿಕ್ಕಿದ್ದು ವಾಪಸ್ ಬರುತ್ತಾ?" ಎಂದು ಎದುರಿನ ಗಾಜಿನಂಗಡಿಯವನು ರೇಗಿಸುತ್ತಿದ್ದ. ಮಹಡಿ ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯೇ ಅವಳ ಬೈಂಡಿಂಗ್ ಅಂಗಡಿ. ಒಂದು ಗೋಡೆಗೆ ರಟ್ಟಿನ ರಾಶಿ, ಇನ್ನೊಂದಕ್ಕೆ ರೆಕ್ಸಿನ್ ಸುರುಳಿ, ನಡುವೆ ಕಾಗದ ಕತ್ತರಿಸುವ ಯಂತ್ರ. ಗಂಡ ಬಿಟ್ಟುಹೋದ ಆಸ್ತಿಯೆಂದರೆ ಆ ಯಂತ್ರವೊಂದೇ. "ಇದೂ ಅವರ ಹಾಗೇನೇ. ಎಣ್ಣೆ ಕಾಣದಿದ್ರೆ ಗೊಣಗುತ್ತೆ" ಎನ್ನುತ್ತಿದ್ದಳು.

ಬೆನ್ನು ಮುರಿದ ನಿಘಂಟು, ಕಾಲೇಜು ಮಕ್ಕಳ ಪ್ರಬಂಧ, ಕಚೇರಿಯ ರಿಜಿಸ್ಟರು, ಏನೇ ಬಂದರೂ ಬಿಚ್ಚಿ, ಹೊಲಿದು, ರಟ್ಟು ಕೂರಿಸಿ, ಆ ಯಂತ್ರಕ್ಕೆ ಕೊಟ್ಟು ಮೂರು ಕಡೆ ಅಂಚು ಸವರಿ, ಹೊಸ ಮದುಮಗಳ ಹಾಗೆ ಕಳಿಸುತ್ತಿದ್ದಳು. ಒಳಗೆ ಏನಿದೆ ಎಂದು ಮಾತ್ರ ನೋಡುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಓದ್ತಾ ಕೂತ್ರೆ ಅಂಟು ಒಣಗಿಹೋಗುತ್ತೆ" ಎಂಬುದು ಸಿದ್ಧ ಉತ್ತರ.

ಓದುವ ಚಟವೆಲ್ಲ ಅವಳ ಅಕ್ಕನ ಪಾಲಿಗೆ ಬಂದಿತ್ತು. ಅಕ್ಕ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುತ್ತಿದ್ದಳು. ಬಸ್ಸು ಎಷ್ಟೊತ್ತಿಗೆ, ಎಲ್ಲಿ ನಿಲ್ಲುತ್ತೆ, ಯಾಕೆ ಬಂದಿಲ್ಲ ಎಂದು ಊರೆಲ್ಲ ಅವಳನ್ನು ಕೇಳುತ್ತಿತ್ತು. ಏನು ಓದುತ್ತಿದ್ದೀ ಎಂದು ಕೇಳಿದವರಿಲ್ಲ. ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಅವಳು ಓದುತ್ತಿದ್ದದ್ದು ಒಂದೇ ಕಾದಂಬರಿ. ಮುಗಿದರೆ ಮತ್ತೆ ಮೊದಲಿನಿಂದ. ಕೈಯಲ್ಲಿ ಮೋಟು ಪೆನ್ಸಿಲು.

"ಅಷ್ಟು ಸಲ ಓದ್ತೀಯಲ್ಲ, ಕಥೆ ಏನಕ್ಕಾ?" ಎಂದು ಗೋಂದಕ್ಕ ಒಮ್ಮೆ ಕೇಳಿದಳು.

"ಒಬ್ಬಳು ಒಗೆದ ಬಟ್ಟೆ ಹರವೋಕೆ ಮಹಡಿಗೆ ಹೋಗ್ತಾಳೆ. ಬಟ್ಟೆ ಒಣಗುತ್ತೆ. ಮಡಚಿಕೊಂಡು ಇಳಿದು ಬರ್ತಾಳೆ."

"ಆಮೇಲೆ?"

"ಅಷ್ಟೇ ಕಣೇ. ಆದ್ರೆ ಅಷ್ಟರೊಳಗೆ ಎಲ್ಲಾ ಆಗಿಹೋಗುತ್ತೆ. ನೀನೊಂದು ಸಲ ಓದು, ಆಮೇಲೆ ಕೂತು ಮಾತಾಡೋಣ."

ಗೋಂದಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದನ್ನ ನಾನು ದಿನಾ ಮಾಡ್ತೀನಿ, ಯಾವನೂ ಪುಸ್ತಕ ಬರೆದಿಲ್ಲ!" ಅಂದಿನಿಂದ ಅಕ್ಕ ಎದುರಾದಾಗಲೆಲ್ಲ ಅವಳ ಮೊದಲ ಮಾತು, "ಏನಕ್ಕಾ, ಬಟ್ಟೆ ಒಣಗಿತಾ?" ಅಕ್ಕ ನಗುತ್ತ, "ಇನ್ನೂ ಹಸಿ ಇದೆ ಕಣೇ" ಎನ್ನುತ್ತಿದ್ದಳು. ವರ್ಷಗಟ್ಟಲೆ ಇದೇ ನಡೆಯಿತು. ಓದುವುದನ್ನು ಮಾತ್ರ ಗೋಂದಕ್ಕ ನಾಳೆಗೆ ತಳ್ಳುತ್ತಲೇ ಬಂದಳು.

ಕೊನೆಗೆ ಪುಸ್ತಕದ ಹೊಲಿಗೆ ಬಿಟ್ಟು ಹಾಳೆಗಳು ಕಳಚತೊಡಗಿದವು. "ಹೊಲಿಗೆ ಹಾಕಿಕೊಡು, ಸಾಕು" ಎಂದು ಅಕ್ಕ ತಂದುಕೊಟ್ಟಳು. ಸ್ವಂತ ಅಕ್ಕನ ಪುಸ್ತಕ, ಬರೀ ಹೊಲಿಗೆ ಹಾಕಿ ಕೊಡುವುದುಂಟೇ! ಗೋಂದಕ್ಕ ಗಟ್ಟಿ ರಟ್ಟು ಹಾಕಿದಳು, ಒಳ್ಳೆಯ ಕೆಂಪು ರೆಕ್ಸಿನ್ ತೊಡಿಸಿದಳು, ಬೆನ್ನಿಗೆ ಬಂಗಾರದ ಅಕ್ಷರ ಒತ್ತಿಸಿದಳು. ಅಂಚು ತೀರ ಜೀರ್ಣವಾಗಿತ್ತೆಂದು ಎಂದಿಗಿಂತ ತುಸು ಒಳಕ್ಕೇ ಕತ್ತಿ ಇಳಿಸಿದಳು. ಚೂರುಗಳನ್ನು ಮೂಟೆಗೆ ತುಂಬಿದಳು. ಲೋಟಗಳು ಒಡೆಯದಂತೆ ನಡುವೆ ತುರುಕಲು ಗಾಜಿನಂಗಡಿಯವನು ಒಯ್ದ.

ಅಕ್ಕ ಬಂದು ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹೆಬ್ಬೆರಳಿನಿಂದ ಪುಟಗಳನ್ನು ಸರ್ರನೆ ಬಿಟ್ಟಳು. ನಡುವೆ ಒಂದು ಕಡೆ ಬೆರಳು ನಿಂತಿತು.

"ಹೇಗಿದೆ?"

"ತುಂಬಾ ಚೆನ್ನಾಗಿ ಮಾಡಿದ್ದೀಯ" ಎಂದು ತಂಗಿಯ ಕೆನ್ನೆ ತಟ್ಟಿ ಹೋದಳು.

ಮುಂದೊಂದು ದಿನ ಗೋಂದಕ್ಕ ಎಂದಿನಂತೆ, "ಏನಕ್ಕಾ, ಬಟ್ಟೆ ಒಣಗಿತಾ?" ಎಂದಳು. "ಹೂಂ, ಒಣಗಿತು" ಎಂದಳು ಅಕ್ಕ. ಅಂತೂ ಹುಚ್ಚು ಬಿಟ್ಟಿತಲ್ಲ ಎಂದು ಗೋಂದಕ್ಕ ಸಮಾಧಾನಪಟ್ಟಳು.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು. ಅಕ್ಕನ ಮಗಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಅಂಗಡಿಗೆ ಬಂದು ಕೆಂಪು ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಚಿಕ್ಕಮ್ಮಾ, ನೀವು ಕಟ್ಟಿಕೊಟ್ಟಿದ್ದಲ್ವಾ? ನಿಮ್ಮ ಹತ್ರಾನೇ ಇರಲಿ. ನಮ್ಮನೇಲಿದ್ರೆ ಇವನು ತಿಂದು ಮುಗಿಸ್ತಾನೆ."

ಮಧ್ಯಾಹ್ನ, ಅಂಟು ಹಚ್ಚಿ ಭಾರದ ಕೆಳಗಿಟ್ಟ ಪುಸ್ತಕಗಳು ಒಣಗುವ ಹೊತ್ತಿನಲ್ಲಿ, ಗೋಂದಕ್ಕ ಓದಲು ಕೂತಳು. ತಲೆಬುಡ ತಿಳಿಯಲಿಲ್ಲ. ಒಂದು ವಾಕ್ಯ ಶುರುವಾದರೆ ಮುಗಿಯುವುದೇ ಇಲ್ಲ. ಈಗ ಮಹಡಿಯಲ್ಲಿದ್ದವಳು ಮರುಸಾಲಿನಲ್ಲಿ ಲಂಗ ತೊಟ್ಟ ಹುಡುಗಿ, ಅದರಾಚೆ ಮುದುಕಿ. ಹಾಳೆಗಳನ್ನು ಹಿಂದುಮುಂದಾಗಿ ಹೊಲಿದೆನೇನೋ ಎಂದು ಗಾಬರಿಯಾಗಿ ಪುಟದ ಅಂಕಿಗಳನ್ನೆಲ್ಲ ನೋಡಿದಳು. ಎಲ್ಲ ಸರಿಯಾಗಿಯೇ ಇದ್ದವು. ಸಿಟ್ಟಿನಿಂದ ಮುಚ್ಚಿಟ್ಟಳು. ಮರುದಿನ ಮತ್ತೆ ತೆರೆದಳು. ಕಥೆ ಹುಡುಕುವುದನ್ನು ಬಿಟ್ಟು, ತನಗಷ್ಟೇ ಕೇಳುವಂತೆ ಬಾಯಿಬಿಟ್ಟು ಓದತೊಡಗಿದಾಗ, ದಾರ ತೂತಿನಿಂದ ತೂತಿಗೆ ಇಳಿಯುವ ಹಾಗೆ ಮಾತು ತಾನೇ ಸಾಗಿತು. ಗಾಳಿಗೆ ಒದ್ದೆ ಚಾದರ ಆ ಹೆಂಗಸಿನ ಮುಖಕ್ಕೆ ರಪ್ಪನೆ ಬಡಿಯುತ್ತದೆ, ಸೋಪಿನ ವಾಸನೆ, ಯಾವುದೋ ಬೆಳಗ್ಗೆ ರಸ್ತೆ ದಾಟುವಾಗ ತನ್ನ ಕೈಯೊಳಗಿದ್ದ ಪುಟ್ಟ ಕೈ ನೆನಪಾಗುತ್ತದೆ. ಯಾರ ಕೈ ಎಂದು ಪುಸ್ತಕ ಹೇಳುವುದಿಲ್ಲ.

ಗೋಂದಕ್ಕನಿಗೆ ಹೇಳಬೇಕಿರಲಿಲ್ಲ. ಶಾಲೆಗೆ ಹೋಗುವಾಗ ಅಕ್ಕ ತನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು. ಎಂದೋ ಮರೆತಿದ್ದ ಆ ನೋವು ಈಗ ಅಂಟು ಮೆತ್ತಿದ ಬೆರಳುಗಳಲ್ಲಿ ಮತ್ತೆ ಎದ್ದಿತು.

ಅಲ್ಲಿಯವರೆಗೆ ಬರೀ ಗೀಚು ಎಂದುಕೊಂಡಿದ್ದ ಅಂಚನ್ನು ಆಗಲೇ ಅವಳು ಸರಿಯಾಗಿ ನೋಡಿದ್ದು. ಪೆನ್ಸಿಲಿನಲ್ಲಿ ಅಕ್ಕನ ದುಂಡಕ್ಷರ: "ಇದನ್ನು ತಂಗಿಗೆ". ಅಲ್ಲಿಗೆ ಕಾಗದ ಮುಗಿದಿತ್ತು. ಓದಿ ಹೇಳಬೇಕು ಎಂದಿತ್ತೋ, ಹೇಳಿ ಪ್ರಯೋಜನವಿಲ್ಲ ಎಂದಿತ್ತೋ. ಪುಟ ತಿರುವಿದಳು, ಮತ್ತೆ ತಿರುವಿದಳು. ಎಲ್ಲ ಕಡೆಯೂ ತಲೆಯಿಲ್ಲದ, ಬಾಲವಿಲ್ಲದ ಮಾತುಗಳು. ಕೇಳುವವರಿಲ್ಲದೆ ಅಕ್ಕ ಪುಸ್ತಕದ ಜೊತೆಗೇ ಆಡಿಕೊಂಡ ಮಾತುಗಳವು. ಅವುಗಳ ಉಳಿದರ್ಧ ಚೂರುಗಳ ಜೊತೆ ಯಾರ್ಯಾರದೋ ಲೋಟಗಳ ನಡುವೆ ಸೇರಿಹೋಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಂಚು ಸವರಿದರೂ ಅಷ್ಟೇ.

ಅಂದು ಬಟ್ಟಲಿನಲ್ಲಿ ಕಲಸಿಟ್ಟ ಅಂಟು ಒಣಗಿ ಗಟ್ಟಿಯಾಯಿತು.

ಪುಸ್ತಕ ಮುಗಿದ ದಿನ ಅವಳಿಗೆ ಯಾರೊಂದಿಗಾದರೂ ಮಾತಾಡದಿದ್ದರೆ ಎದೆ ಒಡೆದೀತು ಅನ್ನಿಸಿತು. ಅಂಗಡಿ ಮುಚ್ಚಿ ಅಕ್ಕನ ಮಗಳ ಮನೆಗೆ ಹೋದಳು. ಹುಡುಗಿ ಮಹಡಿಯಲ್ಲಿ ಕೂಸಿನ ಅಂಗಿಗಳನ್ನು ಹರವಿ, ಕ್ಲಿಪ್ ಸಿಕ್ಕಿಸುತ್ತಿದ್ದಳು.

"ನಿಮ್ಮಮ್ಮನ ಪುಸ್ತಕ ಓದಿದೆ ಕಣೇ."

"ಅಯ್ಯೋ, ನೀವೂ ಶುರು ಮಾಡಿದ್ರಾ? ಅಮ್ಮ ನಂಗೂ ಓದು ಓದು ಅಂತಿದ್ಳು. ಇವನನ್ನ ಕಟ್ಕೊಂಡು ಪುರುಸೊತ್ತೆಲ್ಲಿ ಚಿಕ್ಕಮ್ಮ? ಹೋಗ್ಲಿ, ಏನಾಗುತ್ತೆ ಅದ್ರಲ್ಲಿ?"

ಗೋಂದಕ್ಕ ಬಾಯಿ ತೆರೆದಳು. ಒದ್ದೆ ಚಾದರ, ಸೋಪಿನ ವಾಸನೆ, ಆ ಪುಟ್ಟ ಕೈ, ಎಲ್ಲವನ್ನೂ ಹೇಳಬೇಕಿತ್ತು.

"ಬಟ್ಟೆ ಒಣಗುತ್ತೆ" ಎಂದಳು.

ಹುಡುಗಿ ಕ್ಲಿಪ್ ಕೆಳಗೆ ಬೀಳುವಷ್ಟು ಜೋರಾಗಿ ನಕ್ಕಳು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಆ ನಗು ಗೋಂದಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ವರ್ಷಗಟ್ಟಲೆ ತಾನೇ ನಕ್ಕದ್ದು.

"ನಗಿಸ್ತೀರಪ್ಪ ನೀವು! ಆ ಕೊನೇಲಿರೋದು ನೆನ್ನೇದು, ಒಣಗಿದೆಯಾ ನೋಡಿ ಚಿಕ್ಕಮ್ಮ."

ಗೋಂದಕ್ಕ ಪುಟ್ಟ ಅಂಗಿಯ ಅಂಚನ್ನು ಬೆರಳುಗಳ ನಡುವೆ ಹಿಡಿದಳು. ಬಹಳ ಹೊತ್ತು ಬಿಡಲಿಲ್ಲ.

"ಇಲ್ಲ ಕಣೇ" ಎಂದಳು. "ಇನ್ನೂ ಹಸಿ ಇದೆ."